ಯಾಕೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದು

ಪತ್ರಿಕೋದ್ಯಮ ಓದಿದವರಿಗೆಲ್ಲ ಮೊದಲ ವಾರದ ಪಾಠ ಗೊತ್ತಿರುತ್ತದೆ. ಯಾವ ಸುದ್ದಿಯೇ ಆಗಲಿ, ಆರು ಪ್ರಶ್ನೆಗೆ ಉತ್ತರ ಕೊಡಬೇಕು: ಯಾರು, ಏನು, ಎಲ್ಲಿ, ಯಾವಾಗ, ಹೇಗೆ, ಯಾಕೆ. ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಿನಿಂದ ಹತ್ತು ವರ್ಷದಿಂದ ಸುದ್ದಿ ಕಳಿಸುತ್ತಿದ್ದೇನೆ. ಮೊದಲ ನಾಲ್ಕಕ್ಕೆ ಉತ್ತರ ಒಂದು ಫೋನ್ ಮಾಡಿದರೆ ಸಿಗುತ್ತದೆ. 'ಹೇಗೆ' ಎಂಬುದನ್ನು ಠಾಣೆಯಲ್ಲೋ ಆಸ್ಪತ್ರೆಯಲ್ಲೋ ಹೇಳುತ್ತಾರೆ. ಕಷ್ಟ ಇರುವುದು 'ಯಾಕೆ' ಎಂಬಲ್ಲಿ.

ಕಾಲುವೆ ಯಾಕೆ ಒಡೆಯಿತು ಎಂದರೆ ಎಂಜಿನಿಯರ್ ಹೇಳಬಲ್ಲರು. ಮನುಷ್ಯ ಯಾಕೆ ಒಡೆದ ಎಂದರೆ? ಅದಕ್ಕೆ ಪತ್ರಿಕೆಗಳಲ್ಲಿ ಸಿದ್ಧ ಉತ್ತರಗಳಿವೆ. 'ಜೀವನದಲ್ಲಿ ಜಿಗುಪ್ಸೆಗೊಂಡು', 'ಮಾನಸಿಕ ಅಸ್ವಸ್ಥ', 'ಮೊಬೈಲ್ ಗೀಳು'. ಎರಡು ಪದದಲ್ಲಿ ಒಂದು ಜೀವದ ಕಥೆ ಮುಗಿದುಹೋಗುತ್ತದೆ. ಊರಲ್ಲೂ ಅಷ್ಟೇ. ಕಟ್ಟೆಯ ಮೇಲೆ ಕೂತವರ ಬಳಿ ಎಲ್ಲರ 'ಯಾಕೆ'ಗೂ ಉತ್ತರ ಇರುತ್ತದೆ.

ನನ್ನ ಹೆಂಡತಿ ಟಿಇಟಿಗೆ ಓದುತ್ತಿದ್ದಾಳೆ. ಆ ಪರೀಕ್ಷೆಯಲ್ಲಿ 'ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರ'ಕ್ಕೆ 30 ಅಂಕ. ಅವಳ ಗೈಡಿನಲ್ಲಿ ಮನೋವಿಜ್ಞಾನದ ಪಂಥಗಳ ಒಂದು ಪಟ್ಟಿ ಇದೆ: ರಚನಾವಾದ, ಕಾರ್ಯವಾದ, ವರ್ತನಾವಾದ, ಸಮಗ್ರಾಕೃತಿವಾದ, ಮನೋವಿಶ್ಲೇಷಣೆ, ಮಾನವತಾವಾದ. ಪಕ್ಕದಲ್ಲಿ ಹೆಸರು, ಇಸವಿ. ನಿಮ್ಮಲ್ಲಿ ಡಿ.ಎಡ್, ಬಿ.ಎಡ್ ಮಾಡಿದವರು ಇದನ್ನು ಬಾಯಿಪಾಠ ಮಾಡಿಯೇ ಇರುತ್ತೀರಿ. ನಾನು ಆ ಪಟ್ಟಿಯನ್ನು ಪರೀಕ್ಷೆಗಾಗಿ ಓದಲಿಲ್ಲ. ನಮ್ಮ ಮನೆಯಲ್ಲೇ ಒಂದು 'ಯಾಕೆ' ಬಂದು ಕೂತಿತ್ತು, ಅದಕ್ಕಾಗಿ ಓದಿದೆ.

ಎರಡು ವರ್ಷದ ಹಿಂದೆ, ದಸರಾ ರಜೆ ಮುಗಿದ ಮೇಲೆ ನನ್ನ ಅಕ್ಕನ ಮಗ ಶಾಲೆಗೆ ಹೋಗುವುದನ್ನು ನಿಲ್ಲಿಸಿಬಿಟ್ಟ. ಆಗ ಅವನಿಗೆ 14 ವರ್ಷ, ಒಂಬತ್ತನೇ ತರಗತಿ. ಅವನೂ ಅಕ್ಕನೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬರೆದಿಲ್ಲ.

ಬೆಳಿಗ್ಗೆ ಆದರೆ ಹೊಟ್ಟೆನೋವು. ಬಸ್ಸು ಹೋದ ಮೇಲೆ ನೋವಿಲ್ಲ. ಊಟ ಅರ್ಧಕ್ಕೆ ಬಿಡುತ್ತಿದ್ದ. ರಾತ್ರಿ ಎರಡರವರೆಗೆ ಎಚ್ಚರ. "ಏನಾಗೈತೋ ತಮ್ಮಾ, ಹುಡುಗ ಬಾಯೇ ಬಿಡವಲ್ಲ" ಎಂದು ಅಕ್ಕ ಫೋನ್ ಮಾಡಿದಳು. ನಾನು ಹೋಗುವಷ್ಟರಲ್ಲಿ ಐದು ಉತ್ತರ ಸಿದ್ಧವಾಗಿದ್ದವು. ನಮ್ಮವ್ವನದು "ಕಣ್ಣು ಬಿದ್ದೈತಿ". ಪಕ್ಕದ ಮನೆಯವರದು "ಮೊಬೈಲ್ ಕಸಗೊಳ್ರಿ". ಶಾಲೆಯ ಒಬ್ಬ ಮೇಷ್ಟ್ರದು "ಸೋಮಾರಿತನ". ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಭಾವನದು "ಎರಡು ಬಾರಿಸಿದ್ರ ಹೋಗ್ತಾನ". ಅಕ್ಕನದು "ನಾನು ಎಲ್ಲೋ ತಪ್ಪಿದೆ". ಹುಡುಗನದು ಮಾತ್ರ ಒಂದೇ ಮಾತು: "ಏನಿಲ್ಲ ಮಾಮ."

ಆ ದಿನಗಳಲ್ಲಿ ಬಸ್ಸಿಗೆ ಕಾಯುವಾಗ, ಪಂಚಾಯಿತಿ ಸಭೆ ತಡವಾದಾಗ ಆ ಗೈಡ್ ತೆರೆಯುತ್ತಿದ್ದೆ. ಗ್ರಂಥಾಲಯದಿಂದ ಒಂದೆರಡು ಪುಸ್ತಕವನ್ನೂ ತಂದೆ. ಓದುತ್ತಾ ಹೋದಂತೆ ಒಂದು ಸಂಗತಿ ತಿಳಿಯಿತು. ಈ ಪಂಥಗಳು ಅಂದರೆ ಬೇರೇನಲ್ಲ, 'ಯಾಕೆ' ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆ ನಿಂತು ಕೇಳಿದ ಜನರ ಕಥೆ.

ಒಳಗೆ ಏನಾಗುತ್ತಿದೆ?

ಕಥೆ ಶುರುವಾಗುವುದು ಜರ್ಮನಿಯ ಲೀಪ್‌ಜಿಗ್ ನಗರದಲ್ಲಿ. 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಎಂಬ ಪ್ರಾಧ್ಯಾಪಕರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮನಸ್ಸಿನ ಅಧ್ಯಯನಕ್ಕೆಂದೇ ಪ್ರಯೋಗಾಲಯ ತೆರೆದರು. ಅದಕ್ಕೂ ಮೊದಲು ಮನಸ್ಸು ಎಂದರೆ ತತ್ವಜ್ಞಾನಿಗಳ, ಧರ್ಮಗುರುಗಳ ವಿಷಯ. ವುಂಟ್ ಅದನ್ನು ಅಳೆಯಬಹುದು ಎಂದರು. ದೀಪ ಹೊತ್ತಿದ ಎಷ್ಟು ಹೊತ್ತಿಗೆ ಮನುಷ್ಯ ಗುಂಡಿ ಒತ್ತುತ್ತಾನೆ? ಟಕ್ ಟಕ್ ಎನ್ನುವ ಯಂತ್ರದ ಸದ್ದು ಕೇಳುವಾಗ ಒಳಗೆ ಏನನಿಸುತ್ತದೆ? ತರಬೇತಿ ಪಡೆದವರು ಕೂತು ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳಬೇಕಿತ್ತು.

ವುಂಟ್ ಅವರ ಶಿಷ್ಯ ಟಿಚೆನರ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಇದನ್ನೇ ಇನ್ನಷ್ಟು ಬಿಗಿ ಮಾಡಿದರು. ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಡಿಸಿದ ಹಾಗೆ ಅನುಭವವನ್ನು ಸಣ್ಣ ಸಣ್ಣ ಸಂವೇದನೆಗಳಾಗಿ ಬಿಡಿಸುವುದು ಅವರ ದಾರಿ. ಅದೇ ರಚನಾವಾದ.

ಅದರ ತೊಂದರೆ ನಿಮಗೂ ಹೊಳೆದಿರಬಹುದು. ಒಂದೇ ಸದ್ದು ಕೇಳಿದ ಇಬ್ಬರು ಎರಡು ಥರ ಹೇಳಿದರೆ ಯಾರದು ಸರಿ? ಮಗು ಹೇಗೆ ಹೇಳೀತು? "ಏನಿಲ್ಲ ಮಾಮ" ಎನ್ನುವ ಹುಡುಗನಿಂದ ಏನು ತಿಳಿದೀತು? ಟಿಚೆನರ್ 1927ರಲ್ಲಿ ತೀರಿಕೊಂಡ ಮೇಲೆ ಆ ಪಂಥ ಹೆಚ್ಚು ದಿನ ಉಳಿಯಲಿಲ್ಲ. ಆದರೆ ಅದು ಕಲಿಸಿದ ಒಂದು ಮಾತು ಉಳಿಯಿತು: ಮೊದಲು ಅವನನ್ನೇ ಕೇಳಿ.

ಲೀಪ್‌ಜಿಗ್‌ನಿಂದ ನಮ್ಮ ರಾಜ್ಯಕ್ಕೂ ಒಂದು ದಾರಿ ಇದೆ. ವುಂಟ್ ಬಳಿ ಡಾಕ್ಟರೇಟ್ ಮಾಡಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಒಬ್ಬರು. ಲಂಡನ್ನಿನಲ್ಲಿ ಅವರ ಬಳಿ ತರಬೇತಿ ಪಡೆದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. ಭಾರತದಲ್ಲಿ ಅದಕ್ಕೂ ಮೊದಲು, 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಶುರುವಾಗಿತ್ತು. ನಮ್ಮಂಥ ಸುದ್ದಿಯವರಿಗೆ ಗೋಪಾಲಸ್ವಾಮಿ ಇನ್ನೊಂದು ಕಾರಣಕ್ಕೂ ಹತ್ತಿರದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದವರು ಅವರೇ. 'ಆಕಾಶವಾಣಿ' ಎಂಬ ಹೆಸರು ಮೊದಲು ಬಂದದ್ದು ಆ ಕೇಂದ್ರಕ್ಕೆ.

ಅದರಿಂದ ಏನು ಉಪಯೋಗ?

ಅಮೆರಿಕದ ವಿಲಿಯಂ ಜೇಮ್ಸ್ ಅವರಿಗೆ ಈ ಇಟ್ಟಿಗೆ ಲೆಕ್ಕ ಹಿಡಿಸಲಿಲ್ಲ. ಹನ್ನೆರಡು ವರ್ಷ ಕೂತು ಬರೆದ ಮನೋವಿಜ್ಞಾನದ ಎರಡು ಸಂಪುಟಗಳನ್ನು ಅವರು 1890ರಲ್ಲಿ ಪ್ರಕಟಿಸಿದರು. ಮನಸ್ಸು ಗೋಡೆಯಲ್ಲ, ಹರಿಯುವ ನೀರು ಎಂಬುದು ಅವರ ವಾದದ ಸಾರ. ಹರಿಯುವ ಹೊಳೆಯನ್ನು ಕೊಡದಲ್ಲಿ ತುಂಬಿಕೊಂಡು ಇದೇ ಹೊಳೆ ಎನ್ನಲಾಗದು. ಅವರ ದಾರಿಯಲ್ಲಿ ಬೆಳೆದದ್ದು ಕಾರ್ಯವಾದ. ಮನಸ್ಸು ಯಾವುದರಿಂದ ಆಗಿದೆ ಎನ್ನುವುದಕ್ಕಿಂತ, ಅದು ಮನುಷ್ಯನಿಗೆ ಬದುಕಲು ಹೇಗೆ ನೆರವಾಗುತ್ತದೆ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ನನಗೆ ಉಪಯೋಗಕ್ಕೆ ಬಂತು. ಹುಡುಗನ ಹೊಟ್ಟೆನೋವು ಸುಳ್ಳೋ ನಿಜವೋ ಎಂದು ಮನೆಯಲ್ಲಿ ಜಗಳ ನಡೆದಿತ್ತು. ಆ ಜಗಳ ಬಿಟ್ಟು, ಆ ನೋವು ಅವನಿಗೆ ಏನು ಮಾಡಿಕೊಡುತ್ತಿದೆ ಎಂದು ಕೇಳಿದರೆ? ಬೆಳಿಗ್ಗೆ ಏಳೂವರೆಯ ಬಸ್ಸಿನಿಂದ ಅವನನ್ನು ಕಾಪಾಡುತ್ತಿದೆ. ಹಾಗಾದರೆ ಆ ಬಸ್ಸು ಹೋಗಿ ನಿಲ್ಲುವ ಕಡೆ ಏನೋ ಇದೆ.

ಹೇಳಲಾಗದ್ದು ಏನು?

ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಹೆಸರು ಕೇಳದವರು ಕಡಿಮೆ. ಕನಸುಗಳ ಬಗೆಗಿನ ಅವರ ಪುಸ್ತಕದ ಮೇಲೆ 1900 ಎಂಬ ಇಸವಿ ಇದೆ. ಮನುಷ್ಯನಿಗೆ ತನ್ನ ಮನಸ್ಸಿನ ಎಲ್ಲವೂ ಗೊತ್ತಿರುವುದಿಲ್ಲ, ನೋವಾದದ್ದನ್ನು, ನಾಚಿಕೆಯದ್ದನ್ನು ಅದು ಒಳಗೆ ಹೂತಿಡುತ್ತದೆ, ಹೂತದ್ದು ಬೇರೆ ರೂಪದಲ್ಲಿ ಹೊರಗೆ ಬರುತ್ತದೆ ಎಂಬುದು ಮನೋವಿಶ್ಲೇಷಣೆಯ ತಿರುಳು. ರೋಗಿಯನ್ನು ಮಲಗಿಸಿ, ತೋಚಿದ್ದನ್ನೆಲ್ಲ ಹೇಳಲು ಬಿಟ್ಟು, ಅವರು ಕೇಳುತ್ತಿದ್ದರು.

ಅವರ ಎಷ್ಟೋ ವಾದಗಳನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಕೆಲವೇ ರೋಗಿಗಳಿಂದ ಇಡೀ ಮನುಕುಲಕ್ಕೆ ಸೂತ್ರ ಬರೆದರು, ಆ ಸೂತ್ರಗಳನ್ನು ಪರೀಕ್ಷಿಸಲು ದಾರಿ ಇಲ್ಲ ಎಂಬುದು ದೊಡ್ಡ ಆಕ್ಷೇಪ. ಆದರೂ ಬಾಲ್ಯದ ಗಾಯ ದೊಡ್ಡವರಾದ ಮೇಲೂ ಮಾತಾಡುತ್ತದೆ, ಮಾತಾಡಿದರೆ ಭಾರ ಇಳಿಯುತ್ತದೆ ಎಂಬುದನ್ನು ಲೋಕಕ್ಕೆ ಗಟ್ಟಿಯಾಗಿ ಹೇಳಿದವರು ಅವರು. ಕಲ್ಕತ್ತಾದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿ, ಫ್ರಾಯ್ಡ್ ಜೊತೆ ಪತ್ರದಲ್ಲೇ ವಾದ ಮಾಡುತ್ತಿದ್ದರು.

ನಮ್ಮ ಹುಡುಗ ಯಾರ ಮುಂದೆಯೂ ಅಪ್ಪನ ಮಾತೆತ್ತುತ್ತಿರಲಿಲ್ಲ. ಭಾವ ಬೆಂಗಳೂರಿಗೆ ಹೋಗಿ ಎರಡು ವರ್ಷವಾಗಿತ್ತು. ಫೋನ್ ಬಂದಾಗ ಹುಡುಗ ಎದ್ದು ಹಿತ್ತಲಿಗೆ ಹೋಗುತ್ತಿದ್ದ.

ಏನು ಕಲಿತಿದ್ದಾನೆ?

ರಷ್ಯಾದ ಪಾವ್ಲೋವ್ ಮನೋವಿಜ್ಞಾನಿಯೇ ಅಲ್ಲ. ಜೀರ್ಣಕ್ರಿಯೆಯ ಬಗ್ಗೆ ಸಂಶೋಧನೆ ಮಾಡಿ 1904ರಲ್ಲಿ ನೊಬೆಲ್ ಪಡೆದವರು. ಊಟ ಬಾಯಿಗೆ ಬರುವ ಮೊದಲೇ, ಊಟ ತರುವವರ ಸುಳಿವಿಗೇ ನಾಯಿಗಳು ಜೊಲ್ಲು ಸುರಿಸುವುದನ್ನು ಅವರು ಗಮನಿಸಿದರು. ಎರಡು ಸಂಗತಿ ಮತ್ತೆ ಮತ್ತೆ ಒಟ್ಟಿಗೆ ಬಂದರೆ ದೇಹ ಅವನ್ನು ಗಂಟು ಹಾಕಿಕೊಳ್ಳುತ್ತದೆ. ಹಟ್ಟಿಯಲ್ಲಿ ಬಕೆಟ್ ಸದ್ದಾದರೆ ಎಮ್ಮೆ ಕತ್ತು ಎತ್ತುವುದನ್ನು ನೋಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಒಂದು ಲೇಖನ ಬರೆದು, ಒಳಗಿನದನ್ನು ಬಿಡಿ, ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡೋಣ ಎಂದರು. ಅದು ವರ್ತನಾವಾದ. 1920ರಲ್ಲಿ ಅವರೂ ರೋಸಲಿ ರೇನರ್ ಎಂಬವರೂ ಪ್ರಕಟಿಸಿದ ಪ್ರಯೋಗ ಓದಿದರೆ ಇಂದಿಗೂ ಕರುಳು ಚುರುಕ್ ಎನ್ನುತ್ತದೆ. ವರ್ಷ ತುಂಬದ ಒಂದು ಕೂಸಿಗೆ ಬಿಳಿ ಇಲಿ ತೋರಿಸುವುದು, ಅದು ಮುಟ್ಟಲು ಕೈ ಚಾಚಿದಾಗ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿಯುವುದು. ಕೆಲವೇ ಸಲಕ್ಕೆ ಕೂಸು ಇಲಿ ಕಂಡರೆ ಅಳತೊಡಗಿತು. ಆ ಹೆದರಿಕೆಯನ್ನು ತೆಗೆಯದೆಯೇ ಕೂಸನ್ನು ಕಳಿಸಿಬಿಟ್ಟರು. ಇಂದು ಅಂಥ ಪ್ರಯೋಗಕ್ಕೆ ಅನುಮತಿ ಸಿಗದು.

ಇದೇ ಪಂಥದಿಂದ ಒಳ್ಳೆಯದೂ ಬಂತು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ, ಮೊಲ ಕಂಡರೆ ಹೆದರುತ್ತಿದ್ದ ಸುಮಾರು ಮೂರು ವರ್ಷದ ಹುಡುಗನ ಹೆದರಿಕೆ ಬಿಡಿಸಿದ್ದನ್ನು ಬರೆದರು. ಅವನಿಗೆ ಇಷ್ಟದ ತಿಂಡಿ ಕೊಡುವುದು, ಮೊಲವನ್ನು ದೂರದಲ್ಲಿ ಇಡುವುದು. ದಿನದಿಂದ ದಿನಕ್ಕೆ ಸ್ವಲ್ಪ ಹತ್ತಿರ. ಕೊನೆಗೆ ಹುಡುಗ ಮೊಲವನ್ನು ಮುಟ್ಟಿದ. ಹೆದರಿಕೆಯನ್ನು ಕಲಿಯಬಹುದಾದರೆ ಕಲಿತದ್ದನ್ನು ಬಿಡಲೂಬಹುದು. ಆದರೆ ಹಂತ ಹಂತವಾಗಿ. "ಎರಡು ಬಾರಿಸಿದ್ರ ಹೋಗ್ತಾನ" ಎನ್ನುವುದಕ್ಕೆ ಇದರಷ್ಟು ಒಳ್ಳೆಯ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹೊಡೆತ ಎಂದರೆ ಅದೇ ಕಬ್ಬಿಣದ ಸದ್ದು. ಶಾಲೆಗೂ ನೋವಿಗೂ ಇನ್ನೊಂದು ಗಂಟು.

ಆಮೇಲೆ ಬಂದ ಬಿ.ಎಫ್. ಸ್ಕಿನ್ನರ್, ಪಂಜರದ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಬಹುಮಾನದ ಲೆಕ್ಕ ಹಾಕಿದರು. ಪ್ರತಿ ಸಲವೂ ಕಾಳು ಸಿಕ್ಕರೆ, ಕಾಳು ನಿಂತ ಮೇಲೆ ಹಕ್ಕಿ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದರೆ ಬಿಡದೆ ಕುಕ್ಕುತ್ತದೆ. ಓಸಿ ಚೀಟಿ ಬರೆಸುವವರು, ರಾತ್ರಿಯಿಡೀ ರೀಲ್ಸ್ ಸರಿಸುವವರು ಎಲ್ಲರ ಬೆರಳೂ ಇದೇ ಲೆಕ್ಕಕ್ಕೆ ಸಿಕ್ಕಿದೆ. ಈ ಅರ್ಥದಲ್ಲಿ ಪಕ್ಕದ ಮನೆಯವರ "ಮೊಬೈಲ್" ಎಂಬ ಮಾತಿನಲ್ಲೂ ಅರ್ಧ ಸತ್ಯವಿತ್ತು. ಆದರೆ ಹುಡುಗ ಶಾಲೆ ಬಿಟ್ಟ ಮೇಲೆ ಮೊಬೈಲ್ ಹೆಚ್ಚಾಯಿತೇ, ಮೊಬೈಲ್ ಹೆಚ್ಚಾಗಿ ಶಾಲೆ ಬಿಟ್ಟನೇ ಎಂದು ಯಾರೂ ಕೇಳಿರಲಿಲ್ಲ. ಅಕ್ಕನನ್ನು ಕೇಳಿದೆ. ಮೊದಲು ನಿಂತದ್ದು ಶಾಲೆ.

ಇಡಿಯಾಗಿ ನೋಡಿದರೆ?

ಸಿನಿಮಾದ ಪರದೆಯ ಮೇಲೆ ಯಾವುದೂ ಓಡುವುದಿಲ್ಲ. ನಿಂತ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ, ಓಟ ಕಾಣುವುದು ನಮಗೆ. ಈ ಬಗೆಯ ಕಾಣಿಕೆಯ ಚಲನೆಯ ಬಗ್ಗೆ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಪ್ರಬಂಧ ಪ್ರಕಟಿಸಿದರು. ಬಿಡಿ ಬಿಡಿಯಾಗಿ ಎಣಿಸಿದರೆ ಇಲ್ಲದ್ದು ಇಡಿಯಲ್ಲಿ ಇರುತ್ತದೆ. ಇದು ಗೆಸ್ಟಾಲ್ಟ್ ಅಥವಾ ಸಮಗ್ರಾಕೃತಿವಾದ. ವರ್ತೈಮರ್, ಕೊಫ್ಕಾ, ಕೋಲರ್ ಅದರ ಮೂವರು ಹಿರಿಯರು. ಕೋಲರ್ ಟೆನೆರಿಫ್ ದ್ವೀಪದಲ್ಲಿ ಚಿಂಪಾಂಜಿಗಳನ್ನು ಗಮನಿಸಿದರು. ಸುಲ್ತಾನ್ ಎಂಬ ಚಿಂಪಾಂಜಿ ಎರಡು ಕೋಲು ಸಿಕ್ಕಿಸಿ ಉದ್ದ ಮಾಡಿ, ದೂರದ ಹಣ್ಣು ಎಳೆದುಕೊಂಡ ಕಥೆ ಟಿಇಟಿ ಗೈಡಿನಲ್ಲೂ ಇದೆ.

ಗೈಡಿನಲ್ಲಿ ಇಲ್ಲದ್ದು ಇನ್ನೊಂದಿದೆ. 1933ರಲ್ಲಿ ಹಿಟ್ಲರ್ ಸರ್ಕಾರ ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದಾಗ, ತಾನು ಯಹೂದಿಯಲ್ಲದ ಕೋಲರ್ ಬರ್ಲಿನ್ನಿನ ಪತ್ರಿಕೆಯಲ್ಲಿ ಹೆಸರು ಹಾಕಿಯೇ ಅದನ್ನು ವಿರೋಧಿಸಿ ಲೇಖನ ಬರೆದರು. ಎರಡು ವರ್ಷದಲ್ಲಿ ದೇಶ ಬಿಟ್ಟರು. ಪತ್ರಿಕೆಗೆ ಬರೆಯುವವನಾಗಿ ಆ ಸಂಗತಿ ನನಗೆ ಸುಲ್ತಾನನ ಕೋಲಿಗಿಂತ ದೊಡ್ಡದಾಗಿ ಕಂಡಿತು.

ಹುಡುಗನನ್ನು ಇಡಿಯಾಗಿ ನೋಡಿದರೆ ಏನು ಕಾಣುತ್ತದೆ? ಎಂಟನೇ ತರಗತಿವರೆಗೆ ಊರಿನ ಕನ್ನಡ ಶಾಲೆ. ಆಮೇಲೆ ಪಟ್ಟಣದ ಇಂಗ್ಲಿಷ್ ಮಾಧ್ಯಮ. ಅಪ್ಪ ದೂರ. ಫೀಸಿಗೆ ಅಕ್ಕ ಸಂಘದಲ್ಲಿ ಸಾಲ ತೆಗೆದದ್ದು ಅವನಿಗೆ ಗೊತ್ತು. ಇವುಗಳಲ್ಲಿ ಒಂದೊಂದೇ ಆದರೆ ಸಾವಿರಾರು ಮಕ್ಕಳು ತಡೆದುಕೊಳ್ಳುತ್ತಾರೆ. ಎಲ್ಲವೂ ಸೇರಿದಾಗ ಅದು ಬೇರೆಯೇ ಭಾರ.

ಕೇಳಿಸಿಕೊಂಡವರು ಯಾರು?

ಮನುಷ್ಯ ಇಲಿಯೂ ಅಲ್ಲ, ಹೂತಿಟ್ಟ ನೋವುಗಳ ಗೋಣಿಚೀಲವೂ ಅಲ್ಲ ಎಂದವರು ಮಾನವತಾವಾದಿಗಳು. ಅಬ್ರಹಾಂ ಮಾಸ್ಲೋ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದರು: ಹಸಿವು ನಿದ್ದೆ, ಭದ್ರತೆ, ಪ್ರೀತಿ, ಗೌರವ, ಕೊನೆಗೆ ತನ್ನ ಶಕ್ತಿ ಪೂರ್ತಿ ಅರಳುವುದು. ಎಲ್ಲ ಗೈಡುಗಳಲ್ಲೂ ಇದರ ತ್ರಿಕೋನ ಚಿತ್ರ ಇದೆ. 1943ರ ಆ ಲೇಖನದಲ್ಲಿ ಮಾತ್ರ ಅಂಥ ಚಿತ್ರವಿಲ್ಲ.

ಕಾರ್ಲ್ ರೋಜರ್ಸ್ ಹೇಳಿದ್ದು ಇನ್ನೂ ಸರಳ. ಎದುರಿಗಿರುವವರನ್ನು ಷರತ್ತಿಲ್ಲದೆ ಒಪ್ಪಿಕೊಂಡು, ತೀರ್ಪು ಕೊಡದೆ, ನಿಜವಾಗಿ ಕೇಳಿಸಿಕೊಂಡರೆ ಅವರು ತಾವೇ ದಾರಿ ಕಂಡುಕೊಳ್ಳುತ್ತಾರೆ. ಇಂದಿನ ಆಪ್ತಸಮಾಲೋಚನೆಗೆ ಇದು ಅಡಿಪಾಯ. ಓದಲು ಸುಲಭ, ಮಾಡಲು ಕಷ್ಟ. ನಮ್ಮ ಮನೆಗಳಲ್ಲಿ ಮಕ್ಕಳು ಎರಡು ಮಾತು ಹೇಳುವಷ್ಟರಲ್ಲಿ ನಾವು ಹತ್ತು ಬುದ್ಧಿಮಾತು ಹೇಳಿರುತ್ತೇವೆ.

ಒಂದು ಸಂಜೆ ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಾಲುವೆ ಏರಿಯ ಮೇಲೆ ಹೋದೆ. ಭತ್ತದ ನಾಟಿಯ ಬಗ್ಗೆ, ಕ್ರಿಕೆಟ್ ಬಗ್ಗೆ ಮಾತಾಯಿತು. ಶಾಲೆಯ ಸುದ್ದಿ ನಾನು ತೆಗೆಯಲಿಲ್ಲ. ತೂಬಿನ ಹತ್ತಿರ ಕೂತಾಗ ಅವನೇ ಹೇಳಿದ. ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಿಸುತ್ತಾರೆ. ಅವನು ಓದಿದರೆ ಮೇಷ್ಟ್ರೇ ಅಣಕಿಸಿ ತೋರಿಸುತ್ತಾರೆ, ತರಗತಿ ಇಡೀ ನಗುತ್ತದೆ. ಅವನಿಗೆ ಒಂದು ಅಡ್ಡಹೆಸರೂ ಬಿದ್ದಿದೆ. "ಅವ್ವ ಸಾಲ ಮಾಡ್ಯಾಳ ಮಾಮ. ಹೆಂಗ ಹೇಳ್ಲಿ?"

ತನಗೆ ತಾನು ಏನು ಹೇಳಿಕೊಳ್ಳುತ್ತಾನೆ?

ಕಂಪ್ಯೂಟರ್ ಬಂದ ಕಾಲಕ್ಕೆ ಮನೋವಿಜ್ಞಾನ ಮತ್ತೆ ತಲೆಯೊಳಗೆ ಇಣುಕಿತು. 1956ರಲ್ಲಿ ಜಾರ್ಜ್ ಮಿಲ್ಲರ್, ನಾವು ಒಮ್ಮೆಗೆ ತಲೆಯಲ್ಲಿ ಹಿಡಿಯಬಲ್ಲದ್ದು ಸುಮಾರು ಏಳು ಸಂಗತಿ, ಎರಡು ಹೆಚ್ಚು ಕಡಿಮೆ ಎಂದು ಬರೆದರು. ಹತ್ತು ಅಂಕಿಯ ಮೊಬೈಲ್ ನಂಬರನ್ನು ನಾವು ಐದೈದಾಗಿ ಒಡೆದು ಹೇಳುವುದು ಸುಮ್ಮನೆ ಅಲ್ಲ. 1967ರಲ್ಲಿ ಉಲ್ರಿಕ್ ನೈಸರ್ ಅವರ ಪುಸ್ತಕದಿಂದ ಸಂಜ್ಞಾನಾತ್ಮಕ ಮನೋವಿಜ್ಞಾನ ಎಂಬ ಹೆಸರು ಗಟ್ಟಿಯಾಯಿತು.

ಈ ದಾರಿಯಲ್ಲಿ ನಮ್ಮಂಥವರಿಗೆ ಹೆಚ್ಚು ಬೇಕಾದವರು ಆರನ್ ಬೆಕ್. ಫ್ರಾಯ್ಡ್ ದಾರಿಯಲ್ಲಿ ಕಲಿತ ವೈದ್ಯರು. ಖಿನ್ನತೆ ಇದ್ದವರ ಮಾತು ಕೇಳುತ್ತಾ, ಅವರ ಮನಸ್ಸಿನಲ್ಲಿ ಕ್ಷಣಾರ್ಧದಲ್ಲಿ ಕೆಲವು ಯೋಚನೆ ಬಂದುಹೋಗುವುದನ್ನು 1960ರ ದಶಕದಲ್ಲಿ ಅವರು ಗುರುತಿಸಿದರು: ನಾನು ಪ್ರಯೋಜನವಿಲ್ಲ, ಎಲ್ಲರೂ ನಗುತ್ತಾರೆ, ಮುಂದೆಯೂ ಹೀಗೇ. ಆ ಯೋಚನೆಯನ್ನು ಹಿಡಿದು ನಿಲ್ಲಿಸಿ, ಸಾಕ್ಷಿ ಕೇಳುವುದು ಅವರ ಚಿಕಿತ್ಸೆ. ಎಲ್ಲರೂ ನಗುತ್ತಾರೆಯೇ? ಎಷ್ಟು ಜನ? ನಗದವರು ಯಾರು? ಸುದ್ದಿಗಾರ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ. ಯೋಚನೆ ಮತ್ತು ವರ್ತನೆ ಎರಡನ್ನೂ ಸೇರಿಸಿ ಮಾಡುವ ಈ ಚಿಕಿತ್ಸೆಯನ್ನು ಇಂದು ಲೋಕದ ಬಹುತೇಕ ಕಡೆ ಬಳಸುತ್ತಾರೆ.

ಶಾಖೆಗಳು: ಯಾರ ಹತ್ತಿರ ಹೋಗಬೇಕು?

ಪಂಥಗಳ ಜಗಳ ಇಂದು ಮೊದಲಿನಷ್ಟಿಲ್ಲ. ಈಗ ಇರುವುದು ಶಾಖೆಗಳು. ಕಲಿಕೆಯದು ಶೈಕ್ಷಣಿಕ ಮನೋವಿಜ್ಞಾನ, ಮಗು ಬೆಳೆಯುವುದರದು ವಿಕಾಸ ಮನೋವಿಜ್ಞಾನ, ಗುಂಪಿನದು ಸಾಮಾಜಿಕ ಮನೋವಿಜ್ಞಾನ, ಕಾರ್ಖಾನೆ ಕಚೇರಿಯದು ಔದ್ಯಮಿಕ ಮನೋವಿಜ್ಞಾನ, ಮಿದುಳಿನದು ನರಮನೋವಿಜ್ಞಾನ. ಹಳ್ಳಿಯಲ್ಲಿ ನಮಗೆ ಗೊಂದಲ ಆಗುವುದು ಚಿಕಿತ್ಸೆಯ ಕಡೆಯವರಲ್ಲಿ. ಅದನ್ನು ಬಿಡಿಸಿ ಹೇಳುತ್ತೇನೆ.

ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನೋವಿಜ್ಞಾನ ಓದಿ ತರಬೇತಿ ಪಡೆದವರು. ಪರೀಕ್ಷೆ ಮಾಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಆಪ್ತಸಮಾಲೋಚಕರು ಬದುಕಿನ ಕಷ್ಟಗಳಲ್ಲಿ ಕೂತು ಕೇಳಿ ದಾರಿ ತೋರಿಸುವವರು. ಇವರ ಬಳಿ ಹೋದವರೆಲ್ಲ 'ಹುಚ್ಚರು' ಎಂಬ ಮಾತನ್ನು ದಯವಿಟ್ಟು ಯಾರೂ ಆಡಬೇಡಿ.

ಮತ್ತೆ, ಮೊದಲು ದೇಹ ನೋಡಿಸಿ. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ತೊಂದರೆ ಇದ್ದರೆ, ನಿದ್ದೆ ಕೆಟ್ಟರೆ ಮನಸ್ಸೂ ಕುಗ್ಗುತ್ತದೆ. ನಮ್ಮ ಹುಡುಗನಿಗೂ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯಿತು. ಎಲ್ಲ ಸರಿ ಇತ್ತು. ಆಮೇಲೆ ಅಲ್ಲೇ ಆಪ್ತಸಮಾಲೋಚಕಿಯೊಬ್ಬರ ಬಳಿ ಕಳಿಸಿದರು.

ನಮ್ಮ ಬಳ್ಳಾರಿಯವರು ಹೆಮ್ಮೆಪಡಬೇಕಾದ ಸಂಗತಿ ಒಂದಿದೆ. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಮನಸ್ಸಿನ ಚಿಕಿತ್ಸೆಗೆ ಎಲ್ಲರೂ ಬೆಂಗಳೂರಿಗೇ ಬರಬೇಕೇ ಎಂಬ ಪ್ರಶ್ನೆ ಎದ್ದಾಗ, 1985ರಿಂದ ಕೆಲವು ವರ್ಷ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಊರಿನ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡುವುದು. ಅದು 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಆಧಾರ.

ಕನ್ನಡದಲ್ಲಿ ಓದಬೇಕು ಎನ್ನುವವರಿಗೂ ಕೊರತೆ ಇಲ್ಲ. 'ಕೊರವಂಜಿ'ಯಲ್ಲಿ ನಗಿಸಿದ ಡಾ. ಎಂ. ಶಿವರಾಂ ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳು ಸರಳ ಕನ್ನಡದಲ್ಲಿವೆ.

ಆಮೇಲೆ

ಆ ಆಪ್ತಸಮಾಲೋಚಕಿ ಯಾವ ಪಂಥದವರು ಎಂದು ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. ಅವರು ಎಲ್ಲವನ್ನೂ ಬಳಸಿದರು. ಮೊದಲ ಎರಡು ಭೇಟಿಯಲ್ಲಿ ಬರೀ ಕೇಳಿದರು. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿ ಇಡುವುದು, ಎಲ್ಲರದ್ದೂ, ಅವನೊಬ್ಬನದಲ್ಲ ಎಂದರು. 'ಎಲ್ಲರೂ ನಗ್ತಾರ' ಎಂಬ ಮಾತನ್ನು ಅವನಿಂದಲೇ ಎಣಿಸಿದರು. ನಗುವವರು ಆರು ಜನ, ಅಷ್ಟೇ. ಭಾವನಿಗೆ ಫೋನ್ ಮಾಡಿ, ಹುಡುಗನ ಓದು ಕೇಳಬೇಡಿ, ಹುಡುಗನನ್ನು ಕೇಳಿ ಎಂದರು. ಶಾಲೆಗೆ ಹಂತ ಹಂತವಾಗಿ ಹೋಗುವುದು ಎಂದು ತೀರ್ಮಾನವಾಯಿತು. ಮೊದಲ ವಾರ ಗೇಟಿನ ತನಕ, ಆಮೇಲೆ ಎರಡು ಪೀರಿಯಡ್.

ಆ ಶಾಲೆಯಲ್ಲಿ ಅದು ನಡೆಯಲಿಲ್ಲ. ಅಣಕ ನಿಲ್ಲಲಿಲ್ಲ. ಮುಂದಿನ ವರ್ಷ ಅಕ್ಕ ಅವನನ್ನು ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ, ಒಂಬತ್ತನೇ ತರಗತಿಗೇ ಮತ್ತೆ ಸೇರಿಸಿದಳು. ಒಂದು ವರ್ಷ ಹೋಯಿತು, ಸಾಲದ ಕಂತು ಇನ್ನೂ ಇದೆ. ಈಗ ಹತ್ತನೇ ತರಗತಿ. ಐಟಿಐ ಸೇರಿ ಎಲೆಕ್ಟ್ರೀಷಿಯನ್ ಆಗುತ್ತೇನೆ ಅನ್ನುತ್ತಾನೆ. ಕೆಲವು ದಿನ ಈಗಲೂ ಮಂಕಾಗುತ್ತಾನೆ. ಆ ದಿನಗಳಲ್ಲಿ ಅಕ್ಕ ಬೈಯುವುದಿಲ್ಲ, ಜೊತೆಗೆ ಕೂತು ಶೇಂಗಾ ಸುಲಿಯುತ್ತಾಳೆ. ನಮ್ಮವ್ವ ದೃಷ್ಟಿಯನ್ನೂ ತೆಗೆಯುತ್ತಾಳೆ. ಅಜ್ಜಿ ಮುಂದೆ ಕೂತು ತಲೆ ಸವರಿಸಿಕೊಳ್ಳುವುದು ಹುಡುಗನಿಗೂ ಇಷ್ಟ, ಅದರಿಂದ ಯಾರಿಗೂ ನಷ್ಟವಿಲ್ಲ. ಆಸ್ಪತ್ರೆಯ ತಾರೀಖು ಮಾತ್ರ ತಪ್ಪಿಸುವುದಿಲ್ಲ.

ಪಂಥ ಕಟ್ಟಿದವರೆಲ್ಲ ತಮ್ಮ ಪ್ರಶ್ನೆಯೇ ದೊಡ್ಡದು ಎಂದುಕೊಂಡರು. ಅವರ ಪ್ರಶ್ನೆ ಸರಿಯೇ ಇತ್ತು, ಅದೊಂದೇ ಪ್ರಶ್ನೆ ಎಂದಾಗ ಎಡವಿದರು. ನಮ್ಮ ಮನೆಯ ಐದು ಉತ್ತರಗಳೂ ಹಾಗೆಯೇ ಇದ್ದವು. ನಿಮ್ಮ ಮನೆಯಲ್ಲಿ ಯಾರಾದರೂ ಮಾತು ಬಿಟ್ಟರೆ, ಊಟ ಬಿಟ್ಟರೆ, ಕೆಲಸ ಬಿಟ್ಟರೆ ಒಂದು ಹೆಸರಿಟ್ಟು ಮುಗಿಸಬೇಡಿ. ದೇಹ ಸರಿ ಇದೆಯೇ? ಯಾವುದಕ್ಕೆ ಹೆದರುತ್ತಿದ್ದಾರೆ? ಯಾವುದನ್ನು ಹೇಳಲಾಗುತ್ತಿಲ್ಲ? ಸುತ್ತ ಏನು ಬದಲಾಗಿದೆ? ತಮ್ಮ ಬಗ್ಗೆ ತಾವು ಏನಂದುಕೊಂಡಿದ್ದಾರೆ? ಒಂದೊಂದಾಗಿ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಎರಡು ವಾರವಾದರೂ ಹಾಗೇ ಇದ್ದರೆ ಕಾಯಬೇಡಿ, ತೋರಿಸಿ. ಸಾಯುವ ಮಾತಾಡಿದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ನಂಬರ್ 14416. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮಗೆ ಬೇಡವಾಗಬಹುದು, ಪಕ್ಕದ ಮನೆಗೆ ಬೇಕಾದೀತು.